ಮೊದಲ ಸಾಲಿನ ಶ್ರೀಕಾರ

ಹುಕ್ಕೇರಿಯ ಅಣ್ಣಾಸಾಹೇಬ ಕಾಕಾ ಎರಡೇ ಬೆರಳಿನಿಂದ ಹದಿನೈದು ದಿನ ಕುಟ್ಟಿ, ಜೈನ ಸಮಾಜದ ವಧು-ವರರ ಯಾದಿ ಟೈಪು ಮಾಡಿದ್ದರು. ಇನ್ನೂರ ನಲವತ್ತು ಹೆಸರು. ಅದನ್ನು ಊರುವಾರು ಬೇರ್ಪಡಿಸಲು ಅವರ ಅಣ್ಣನ ಮಗಳು ಶುಭಾಂಗಿ, ಗೋಕಾಕದ ಕಂಪ್ಯೂಟರ್ ಸೆಂಟರಿನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಬರೆದಿಟ್ಟಿದ್ದಳು. ಯಂತ್ರ ಸಾಲುಸಾಲಾಗಿ ಓದಿ ಏನೇನು ಮಾಡಬೇಕೆಂದು ಹೇಳುವ ಬರಹ ಅದು. ಹೆಸರು, ನೆಟ್ಟಗೊಂದು ಗೆರೆ, ಊರು, ಮತ್ತೊಂದು ಗೆರೆ, ಓದು: ಹೀಗೆ ಟೈಪು ಮಾಡಬೇಕೆಂದು ಕಾಕಾಗೆ ಕಲಿಸಿದವಳೂ ಅವಳೇ.

ಕಾಕಾ ಜೊತೆ ಕಟ್ಟಿದ ಪಣ ಸಣ್ಣದಲ್ಲ. ಅವರು ಊರಿಗೆ ಮರಳುವ ನಾಲ್ಕರ ಬಸ್ಸಿನ ಹೊತ್ತಿಗೆ ಊರುವಾರು ಯಾದಿ ಅವರ ಕೈಗೆ ಬಂದರೆ ಅವಳು ಇನ್ನೆರಡು ವರ್ಷ ಕಂಪ್ಯೂಟರ್ ಕಲಿಯಬಹುದು. ಬರದಿದ್ದರೆ ಅವಳ ಹೆಸರೂ ಅದೇ ಯಾದಿಗೆ. ಅವಳ ಅಪ್ಪನ ಎದುರಿಗೇ ಆದ ಮಾತು.

ಸ್ಕ್ರಿಪ್ಟ್ ಓಡಿಸಿದಳು. ಊರಿನ ಹೆಸರಿಲ್ಲ ಎಂದು ತಕರಾರು ತೆಗೆದು ಅದು ಕೆಲಸ ನಿಲ್ಲಿಸಿ ಬಿದ್ದುಕೊಂಡಿತು. ಮತ್ತೆ ಓಡಿಸಿದರೂ ಅದೇ ರಾಗ.

ಯಾದಿಯ ನಕಲೊಂದನ್ನು ತೆಗೆದು ಅರ್ಧ ಮಾಡಿ ನೋಡಿದಳು. ಕೆಳಗಿನ ಅರ್ಧ ಸುಸೂತ್ರ ಓಡಿತು, ಮೇಲಿನದು ಬಿತ್ತು. ಅದನ್ನೂ ಅರ್ಧ ಮಾಡಿದಳು, ಮತ್ತೆ ಮೇಲಿನದೇ ಬಿತ್ತು. ಹೀಗೆ ಕತ್ತರಿಸುತ್ತ ಹೋಗಿ ಮೂರೂವರೆಗೆ ಉಳಿದದ್ದು ಒಂದೇ ಹೆಸರು: ಕಣಗಲಾದ ಗೊಮ್ಮಟೇಶ.

"ನಂಗ ಗೊತ್ತಿತ್ತ ನೋಡವಾ!" ಕಾಕಾ ತೊಡೆ ತಟ್ಟಿದರು. "ಏಳು ಕನ್ಯಾ ನೋಡಿ ಬ್ಯಾಡಂದಾಂವ. ಈಗ ಮಷೀನಿಗೂ ಬ್ಯಾಡಾಗ್ಯಾನ!"

ಗೊಮ್ಮಟೇಶನನ್ನೂ ಅಳಿಸಿದಳು. ಆದರೂ ಬಿತ್ತು! ಒಬ್ಬ ವರನೂ ಇಲ್ಲದ ಯಾದಿಗೆ ಪ್ರಾಣ ಬಿಡುವ ಸ್ಕ್ರಿಪ್ಟಿಗೆ ಏನನ್ನಬೇಕು? ಶುಭಾಂಗಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ನೋಡಿದರೆ ಪರದೆಯ ಮೇಲೆ ಇನ್ನೂ ಒಂದು ಸಾಲಿತ್ತು.

|| ಶ್ರೀ ||

ಲಗ್ನಪತ್ರಿಕೆಯಿಂದ ಕಿರಾಣಿ ಚೀಟಿಯವರೆಗೆ ಎಲ್ಲದರ ನೆತ್ತಿಯ ಮೇಲೂ ಅದನ್ನು ಕಂಡು ಕಂಡು, ಅವಳ ಕಣ್ಣು ಓದುವುದನ್ನೇ ಬಿಟ್ಟಿತ್ತು. ಯಂತ್ರ ಮಾತ್ರ ಶ್ರದ್ಧೆಯಿಂದ ಓದಿ, ಮೊದಲೆರಡು ಗೆರೆಗಳ ನಡುವೆ ಊರು ಹುಡುಕಿ, ಏನೂ ಸಿಗದೆ ಬೀಳುತ್ತಿತ್ತು.

"ಕಾಕಾ, ಈ ಶ್ರೀಕಾರ ತಗೀಬೇಕ್ರಿ."

"ಶ್ರೀಕಾರ ಇಲ್ದ ಲಗ್ನದ ಯಾದಿ? ಬೇಕಾದ್ರ ನಿನ್ನ ಮಷೀನ ತಗಿ!"

ಅವಳು ಮತ್ತೆ ಕೀಲಿಮಣೆಗೆ ತಿರುಗಿದಳು. ಮೊದಲ ಸಾಲನ್ನು ಇದ್ದ ಹಾಗೇ ಅಚ್ಚು ಮಾಡು, ಎರಡನೆಯದರಿಂದ ಊರು ಹುಡುಕು ಎಂದು ಸ್ಕ್ರಿಪ್ಟಿಗೆ ಬರೆದಳು. "ಈಗ ಮದ್ಲ ಕೈ ಮುಗದು, ಆಮ್ಯಾಲ ಕೆಲಸಕ್ಕ ಹತ್ತತೈತ್ರಿ," ಎಂದು ಇಡೀ ಯಾದಿಯನ್ನು ಓಡಿಸಿದಳು.

ಪ್ರಿಂಟರು ಕಿರ್ರೆಂದಿತು. ಕಣಗಲಾ, ಘೋಡಗೇರಿ, ಗೋಕಾಕ. ಗೋಕಾಕದ ಹಾಳೆಯನ್ನು ಅವಳು ಎಳೆದುಕೊಂಡು ನೋಡಿದಳು. ಕೊನೆಯ ಹೆಸರು ಶುಭಾಂಗಿ. ಸುಸೂತ್ರ ಓಡಿದ ಕೆಳಗಿನ ಅರ್ಧವನ್ನು ಅವಳು ನೋಡಿರಲೇ ಇಲ್ಲ.

"ಕಾಕಾ! ಇದೇನ್ರಿ?"

ಕಾಕಾ ಟೋಪಿ ಸರಿ ಮಾಡಿಕೊಂಡರು. "ನೀ ಸೋತ್ರ ಮತ್ತ ಟೈಪ್ ಮಾಡಾಂವ ಯಾರು ಅಂತ ಮದ್ಲ ಹಾಕಿಟ್ಟಿದ್ನಿ."

ಶುಭಾಂಗಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ನೀವ ಹಾಕೀರಿ, ನೀವ ಅಳಸ್ರಿ."

ಹೊರಗೆ ನಾಲ್ಕರ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಕಾಕಾ ಬೆವರುತ್ತ ಒಂದೊಂದೇ ಅಕ್ಷರ ಅಳಿಸಿ, ಏಳಲು ಹೊರಟರು. ಅವಳು ಅವರ ಹೆಗಲ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದಳು.

"ಗೆರೀನೂ ಅಳಸ್ರಿ ಕಾಕಾ. ಇಲ್ಲಂದ್ರ ಮತ್ತ ಬೀಳತೈತಿ."