ಮಲ್ಲಿಗೆಯ ಉಪವಾಸ

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು ನಾನು. ಬಾಲ್ಕನಿಯ ಒಂಬತ್ತು ಕುಂಡಗಳಿಗೆ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಒಂದು ನಿಮಿಷವೂ ಆಚೀಚೆ ಆಗದಂತೆ ನೀರು ಹಾಕುತ್ತಿದ್ದೆ. ಟೊಮೇಟೊ, ಮೆಣಸಿನಕಾಯಿ, ಪುದೀನ, ಕೊತ್ತಂಬರಿ ಎಲ್ಲವೂ ಹೇಗೋ ನನ್ನನ್ನು ಸಹಿಸಿಕೊಂಡು ಬೆಳೆದವು. ಮಲ್ಲಿಗೆ ಮಾತ್ರ ಎಲೆಯ ಮೇಲೆ ಎಲೆ ಹೊದ್ದು ಕಿಟಕಿಯನ್ನೇ ಮುಚ್ಚಿತು. ಒಂದೇ ಒಂದು ಮೊಗ್ಗು ಬಿಡಲಿಲ್ಲ.

ಅದು ನನ್ನ ಹೆಂಡತಿ ನೆಟ್ಟ ಗಿಡ. ದೇವರ ಗೂಡಿಗೆ ಇದರ ಹೂವು ತಪ್ಪಬಾರದು ಎಂದು ಆಸ್ಪತ್ರೆಯಲ್ಲಿ ಮಾತು ತೆಗೆದುಕೊಂಡಿದ್ದಳು. ಅವಳು ಹೋಗಿ ಎಂಟು ತಿಂಗಳಾಯಿತು. ದಿನವೂ ಗೂಡಿನ ಮುಂದೆ ಬರಿಗೈಯಲ್ಲಿ ನಿಲ್ಲುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ 'ನಾಳೆ ಬನ್ನಿ'ಯನ್ನೇ ದೇವರಿಗೂ ಹೇಳುವ ಸ್ಥಿತಿ ಬಂತು.

ತಾಳಲಾರದೆ ನಾದಿನಿಗೆ ಫೋನ್ ಮಾಡಿದೆ. ನನ್ನ ಹೆಂಡತಿಯ ತಂಗಿ. ಶಾಲೆಯಲ್ಲಿ ಹೊಲಿಗೆ ಕಲಿಸುವವಳು, ಚೀಲದಲ್ಲಿ ಕತ್ತರಿ ಇಲ್ಲದೆ ಮನೆ ಬಿಡುವವಳಲ್ಲ. ಬಂದವಳು ಗಿಡ ನೋಡಿದಳು, ಎದೆಗಿಳಿದ ನನ್ನ ಗಡ್ಡ ನೋಡಿದಳು, ಎರಡೂ ಒಂದೇ ಮನೆಯವು ಎಂದು ಗೊತ್ತಾಗುತ್ತದೆ ಎಂದಳು. ಗಿಡಕ್ಕೆ ಏನೇನು ಕೊಡುತ್ತೀರಿ ಎಂದು ವಿಚಾರಿಸಿದಳು. ಎರಡು ಹೊತ್ತು ನೀರು, ವಾರಕ್ಕೊಮ್ಮೆ ಗೊಬ್ಬರ, ಸಂಜೆಗೊಂದು ಪ್ರಾರ್ಥನೆ ಎಂದೆ.

"ಭಾವ, ಅಕ್ಕ ನಿಮ್ಮನ್ನೂ ಹೀಗೇ ಮುದ್ದು ಮಾಡಿ ಸಾಕಿದಳು. ನೀವೇನಾದರೂ ಹೂ ಬಿಟ್ಟಿರಾ?"

ಹೊಟ್ಟೆ ತುಂಬಿದ ಮಲ್ಲಿಗೆಗೆ ಹೂವಿನ ನೆನಪೇ ಬರುವುದಿಲ್ಲವಂತೆ. ಅಕ್ಕ ವರ್ಷಕ್ಕೊಮ್ಮೆ ಅದರ ಎಲೆ ಬೋಳಿಸಿ, ನೀರು ನಿಲ್ಲಿಸುತ್ತಿದ್ದಳಂತೆ. ಅಷ್ಟು ವರ್ಷ ಜೊತೆಗಿದ್ದರೂ ನನಗೆ ತಿಳಿದಿರಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬದುಕಿದವನಿಗೆ ಬಾಲ್ಕನಿ ಕಾಣುವುದಾದರೂ ಹೇಗೆ?

ಅವಳು ಕತ್ತರಿ ತೆಗೆದಾಗ ನಾನು ಕಣ್ಣು ಮುಚ್ಚಿ ದೇವರನ್ನು ನೆನೆದೆ. ಕಣ್ಣು ಬಿಟ್ಟಾಗ ಕುಂಡದಲ್ಲಿ ಉಳಿದದ್ದು ಬರೀ ಕಡ್ಡಿ. ಹತ್ತು ದಿನ ತೊಟ್ಟು ನೀರೂ ಕೂಡದು, ಆಮೇಲೆ ದಿನ ಬಿಟ್ಟು ದಿನ ಒಂದೊಂದು ಲೋಟ ಎಂದು ಕಟ್ಟಪ್ಪಣೆ ಮಾಡಿ ಹೋದಳು.

ಉಪವಾಸ ಕೂತ ಗಿಡದ ಎದುರು ಚಹಾ ಕುಡಿಯಲು ಮನಸ್ಸು ಬರಲಿಲ್ಲ. ಅಡುಗೆಮನೆಯಲ್ಲಿ ಕಳ್ಳನ ಹಾಗೆ ನಿಂತು ಕುಡಿದೆ. ನಾಲ್ಕನೆಯ ದಿನ ಕರುಳು ತಡೆಯದೆ ನೀರಿನ ಲೋಟ ಹಿಡಿದು ಬಾಲ್ಕನಿಗೆ ಹೋದೆ. ಅಷ್ಟರಲ್ಲಿ ಫೋನ್ ಬಂತು.

"ಲೋಟ ಕೆಳಗಿಡಿ, ಭಾವ."

ಹೇಗೆ ತಿಳಿಯಿತೋ, ಆ ದೇವರೇ ಬಲ್ಲ. ಅವಳ ಅಕ್ಕನೂ ಹೀಗೇ ಇದ್ದಳು. ಆ ನೀರನ್ನು ನಾನೇ ಕುಡಿದೆ.

ಐದನೆಯ ವಾರ ಕಡ್ಡಿಗಳು ಚಿಗುರಿದವು. ಚಿಗುರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗುಗಳು. ಭೂತಗನ್ನಡಿ ಹಾಕಿಕೊಂಡು ನೋಡಿದೆ, ಮೊಗ್ಗೇ ಹೌದು. ಅರಳಿದ ಮೊದಲ ಹೂವನ್ನು ದೇವರ ಗೂಡಿನಲ್ಲಿಟ್ಟು, ತಡವಾದದ್ದಕ್ಕೆ ಕ್ಷಮೆ ಕೇಳಿ, ನನ್ನ ಹೆಂಡತಿಗೂ ಒಂದು ಮಾತು ತಿಳಿಸು ಎಂದು ಬೇಡಿಕೊಂಡೆ. ತಲೆ ಎತ್ತುವಾಗ ಗೂಡಿನ ಹಿತ್ತಾಳೆ ತಟ್ಟೆಯಲ್ಲಿ ನನ್ನ ಮುಖ ಕಂಡಿತು. ಮುಖವೇನು, ಬರೀ ಗಡ್ಡ.

ನೇರ ಕ್ಷೌರದಂಗಡಿಗೆ ಹೋಗಿ ಕೂತೆ. ಎಷ್ಟು ತೆಗೆಯಲಿ ಎಂದು ಕ್ಷೌರಿಕ ಕೇಳಿದ.

"ಕಡ್ಡಿ ಮಾತ್ರ ಉಳಿಸಪ್ಪ" ಎಂದೆ.