ಎಂಜಲು ಗಾಳಿ

ಕೆಸರು ನೀರು ಇಳಿಯುತ್ತಲೇ ಇದೆ, ಎಷ್ಟು ತೊಳೆದರೂ ಮುಗಿಯುತ್ತಿಲ್ಲ, ಲಾರಿಯ ಮೂತಿಯ ಹಿಂದಿನ ಏಸಿಯ ಈ ಜಾಲರಿಯಲ್ಲಿ ಅರ್ಧ ರಸ್ತೆಯೇ ಬಂದು ಕೂತಿದೆ, ಧೂಳು, ಒಣಗಿದ ರೆಕ್ಕೆಗಳು, ಯಾವುದೋ ಹಕ್ಕಿಯ ಪುಕ್ಕ — ನೀರು ಜೋರಾಗಿ ಬಿಡ್ಬೇಡ, ತಗಡಿನ ರೇಕು ಮಡಚಿಹೋಗತ್ತೆ ಅಂದಿದ್ದ ಅಣ್ಣ, ಒಳಗಿನಿಂದ ಹೊರಗೆ ಹಿಡಿ, ಬಂದ ದಾರೀಲೇ ವಾಪಸ್ ಕಳ್ಸು. ಕಳಿಸುತ್ತಿದ್ದೇನೆ, ಜಪ್ಪಯ್ಯ ಅಂದರೂ ಏಳದ ನೆಂಟರನ್ನು ಕಳಿಸುವ ಹಾಗೆ ಮೆಲ್ಲಗೆ. ಗ್ಯಾರೇಜಿನಲ್ಲಿ ಕೂದಲು ಹಣ್ಣಾದವನು ಅಣ್ಣ, ಏಸಿಗೆ ಹೊಸ ಕಂಪ್ರೆಸರ್ ಹಾಕಿಸೋಣ್ವಾ ಅಂತ ಇವರು ಕೇಳಿದಾಗ ನಕ್ಕುಬಿಟ್ಟ, ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ ಭಾವ, ಮೊದ್ಲು ಮೂಗು ಒರೆಸಿ ನೋಡೋಣ. ಇವರು ನಗಲಿಲ್ಲ. ಇವರದು ಒಂದೇ ಮಾತು, ಸೆಕೆ, ಕ್ಯಾಬಿನ್ನಿನ ಸೆಕೆ ಕಣೇ, ತಲೆ ತಿರುಗತ್ತೆ, ಕಣ್ಣು ಮಂಜಾಗತ್ತೆ. ಹೋದ ವಾರ ಹಾಗೆ ಮಂಜಾಗಿಯೇ ಲಾರಿ ರಸ್ತೆ ಬಿಟ್ಟು ಜಲ್ಲಿಗೆ ಇಳಿದದ್ದು, ಮೈಲಿಗಲ್ಲೊಂದು ಮಲಗಿದ್ದು, ಪಕ್ಕದಲ್ಲಿದ್ದ ನಾನು ಸ್ಟೀರಿಂಗಿಗೆ ಕೈ ಹಾಕಿ ಎಳೆದದ್ದು — ಡಾಕ್ಟ್ರ ಹತ್ರ ಹೋಗೋಣ ರೀ ಅಂದರೆ, ಡಾಕ್ಟ್ರು ಏಸಿ ರಿಪೇರಿ ಮಾಡ್ತಾರಾ. ಸರಿ, ಏಸಿ ನಾನೇ ನೋಡ್ತೀನಿ, ಆದ್ರೆ ಒಳಗೆ ತಣ್ಣಗಾದ ಮೇಲೂ ಇದೇ ಹಾಡು ಹಾಡಿದ್ರೆ ಕೀಲಿ ನನ್ನ ಕೈಗೆ, ಸೀದಾ ಆಸ್ಪತ್ರೆಗೆ. ಆಗ್ಲಿ ಅಂದರು. ಅಷ್ಟು ಬೇಗ ಒಪ್ಪಿದ್ದು ನನಗೆ ಹಿಡಿಸಲಿಲ್ಲ, ಯಾವುದಕ್ಕೂ ಬೇಗ ಒಪ್ಪುವ ಜೀವವಲ್ಲ ಅದು. ಸ್ಟೀರಿಂಗ್ ಬಿಡಿಸಿದರೆ ಏನು ಮಾಡುತ್ತಾರೆ ಇವರು, ಮನೆಯಲ್ಲಿ ಎರಡು ದಿನ ಕೂತರೆ ಕುರ್ಚಿ ಬಾಗಿಲು ಎಲ್ಲದರ ಮೇಲೂ ಸಿಡುಕುತ್ತಾರೆ. ಸೆಕೆಯೇ ಇರಲಿ. ತಪ್ಪು ಏಸಿಯದೇ ಆಗಿರಲಿ, ನನಗೆ ಬೇಕಾದ್ದು ಅಷ್ಟೇ.

ಮತ್ತೆ ತಪ್ಪುಗಳೇನು ಕಮ್ಮಿ ಸಿಕ್ಕವಾ, ಒಂದೊಂದು ಸಿಕ್ಕಾಗಲೂ ಕಳ್ಳನನ್ನು ಹಿಡಿದಷ್ಟು ಖುಷಿ ನನಗೆ. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ, ನಾನು ಡ್ಯಾಶ್‌ಬೋರ್ಡ್ ಬಿಚ್ಚಿ ಇಲಿಯ ಮನೆಯನ್ನೇ ಹಿಡಿದೆ, ಗಾಳಿ ಸೋಸುವ ಫಿಲ್ಟರಿನ ಮೇಲೆ ಬೆಚ್ಚಗೆ ಹಾಸಿಗೆ, ನೋಡಿದರೆ ನಾನೇ ಹೊಲಿದ ಸೀಟಿನ ಹತ್ತಿ, ನನ್ನದೇ ನೀಲಿ ದಾರ, ಊರಿನ ಲಾರಿಗಳಿಗೆಲ್ಲ ಸೀಟು ಟಾರ್ಪಾಲು ಹೊಲಿಯುವ ನಾನು ಇಲಿಗೂ ಹೊಲಿದುಕೊಟ್ಟಿದ್ದೆ, ಅದೂ ಬಿಟ್ಟಿ. ಆಮೇಲೆ ಹೀಟರಿನ ಬಿಸಿನೀರಿನ ಕೊಳವೆ, ಚಳಿಗಾಲದಲ್ಲಿ ತೆರೆದದ್ದು ಪೂರ್ತಿ ಮುಚ್ಚಿಯೇ ಇರಲಿಲ್ಲ, ಒಂದು ಕಡೆ ತಂಪು ಮಾಡು, ಇನ್ನೊಂದು ಕಡೆ ಒಲೆ ಹಚ್ಚು, ಅದಕ್ಕೊಂದು ಕ್ಲಾಂಪು ಬಿಗಿದೆ. ತಣ್ಣನೆ ಪೈಪಿಗೆ ಸೀಟು ಹೊಲಿದು ಉಳಿದ ಫೋಮು ಸುತ್ತಿದೆ, ಗಾಜಿಗೆ ಬೆಳ್ಳಿ ಬಣ್ಣದ ಹಾಳೆಯ ಮರೆ ಹೊಲಿದೆ, ಮಲಗುವ ಜಾಗಕ್ಕೆ ದಪ್ಪ ಪರದೆ, ಬಾಗಿಲಿನ ಸಂದಿಗೆಲ್ಲ ರಬ್ಬರ್ ಪಟ್ಟಿ. ಎಲ್ಲಕ್ಕಿಂತ ದೊಡ್ಡ ಕಳ್ಳ ಆ ಗುಂಡಿ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡುವ ಗುಂಡಿ, ಲಾರಿ ಕೊಂಡಾಗಿನಿಂದ ಇವರು ಅದನ್ನು ಮುಟ್ಟಿಲ್ಲವಂತೆ, ಹೊರಗಿನ ಸುಡುಗಾಳಿಯನ್ನೇ ಎಳೆದು ಎಳೆದು ಏಸಿಗೆ ಕೊಟ್ಟಿದ್ದಾರೆ, ಯಾಕ್ರೀ ಅಂದರೆ — ಬಿಟ್ಟ ಉಸಿರನ್ನೇ ತಿರುಗಿ ಕುಡಿಯೋದಾ, ಎಂಜಲು ಗಾಳಿ ಅದು. ಎಂಜಲು ಗಾಳಿ! ಅಣ್ಣ ಸ್ಪ್ಯಾನರ್ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. ನಾನು ನಗಲಿಲ್ಲ, ಹಾರಿಬೀಳುವಷ್ಟು ಸಂತೋಷವಾಗಿತ್ತು, ಇದೇ, ಇದೇ ಕಾರಣ, ಮೈಯಲ್ಲಿ ಏನೂ ಇಲ್ಲ, ಬರೀ ಮಡಿ.

ಮಟಮಟ ಮಧ್ಯಾಹ್ನ, ಮನೆಯ ಮುಂದೆ ಲಾರಿ, ಎರಡೂ ಬಾಗಿಲು ತೆಗೆದು ಕಾದ ಗಾಳಿಯನ್ನು ಮೊದಲು ಹೊರಗಟ್ಟಿ ಆಮೇಲೆ ಮುಚ್ಚಿದ್ದಾಯಿತು, ಇಂಜಿನ್ ಗುರುಗುಟ್ಟುತ್ತಿದೆ, ಸುಮ್ಮನೆ ಒಂದು ಸುತ್ತು ಹೋಗಿಬರೋಣ ಅನ್ನುತ್ತಾ ಇವರು ಆ ಗುಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು — ನಿನ್ನ ಎಂಜಲು ತಾನೇ, ಇರ್ಲಿ ಬಿಡು — ಒತ್ತಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಇಷ್ಟು ಚೆಂದದ ಮಾತು ಇದೇ ಮೊದಲು, ಅದನ್ನೂ ಗೇರು ನೋಡುತ್ತಾ ಹೇಳಿದರು. ಗಾಳಿ ಬಂತು, ಮೊದಲು ಫೋಮಿನ ವಾಸನೆ, ಆಮೇಲೆ ಬರೀ ತಂಪು, ಮೊಣಕೈಗೆ, ಕತ್ತಿಗೆ, ಹೊಲಿಯುವ ಬೆರಳುಗಳ ತುದಿ ಮರಗಟ್ಟುವಷ್ಟು, ಸೆರಗು ಹೊದ್ದುಕೊಂಡೆ, ಗೆದ್ದೆ ಅಂದುಕೊಂಡೆ, ಅಣ್ಣನಿಗೆ ಫೋನ್ ಮಾಡಿ ನಿನ್ನ ಭಾವ ನಡುಗ್ತಾ ಇದಾರೆ ಅನ್ನಬೇಕು ಅಂದುಕೊಂಡೆ. ಹೇಗಿದೆ ರೀ. ಸೂಪರ್ ಕಣೇ, ಅಂದರು, ಅನ್ನುತ್ತಲೇ ಫ್ಯಾನಿನ ತಿರುಗಣಿಗೆ ಕೈ ಹಾಕಿ ತಿರುಗಿಸಿದರು, ಅದು ತಿರುಗಲಿಲ್ಲ, ಆಗಲೇ ಕೊನೆಗೆ ಬಂದು ನಿಂತಿದೆ, ಇನ್ನೊಮ್ಮೆ ತಿರುಗಿಸಿದರು. ಇನ್ನೂ ಸ್ವಲ್ಪ ಸೆಕೆ ಅಲ್ವಾ. ನನ್ನ ಹಲ್ಲು ಕಟಕಟ ಅನ್ನುತ್ತಿದೆ, ಇವರ ಅಂಗಿಯ ಬೆನ್ನು ಸೀಟಿಗೆ ಅಂಟಿದೆ, ಕಿವಿಯ ಹಿಂದೆ ಒಂದು ಹನಿ. ತೊಳೆದ ನೀರು ಸಿಡಿದದ್ದಿರಬೇಕು — ಇವರು ಜಾಲರಿಯ ಹತ್ತಿರ ಸುಳಿಯಲೇ ಇಲ್ಲವಲ್ಲ. ಹನಿ ಇಳಿಯಿತು, ಕಾಲರಿಗೆ ಸೇರಿತು, ಅದೇ ಜಾಗದಲ್ಲಿ ಇನ್ನೊಂದು. ಸೆರಗಿನ ತುದಿಯಿಂದ ಒರೆಸಿದೆ, ಚರ್ಮ ಐಸಿನ ಹಾಗೆ ತಣ್ಣಗಿದೆ, ಬೆವರುತ್ತಿದೆ. ಬೇರೆ ಯಾವ ಪೈಪು ಉಳಿದಿದೆ, ಯಾವ ಸಂದಿ, ಯಾವ ಗುಂಡಿ, ಹುಡುಕುತ್ತೇನೆ, ಸಿಗುವುದಿಲ್ಲ. ಹೊರಡೋಣ್ವಾ ಅಂತ ಇವರ ಕೈ ಹ್ಯಾಂಡ್‌ಬ್ರೇಕಿನ ಮೇಲೆ. ನನಗೆ ಭಯವಾಗುತ್ತಿದೆ, ಜಲ್ಲಿಗೆ ಇಳಿದ ದಿನ ಆಗದಷ್ಟು ಭಯ. ಕೀಲಿ ತಿರುಗಿಸಿದೆ, ಇಂಜಿನ್ ನಿಂತಿತು, ಗಾಳಿಯೂ. ಇವರು ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆದು ಮುಂದಕ್ಕೆ ನೋಡುತ್ತಾ ಕೂತರು, ನಾನು ಕಿವಿಯ ಹಿಂದೆ ನೋಡುತ್ತಾ ಕೂತೆ, ಒರೆಸಿದ ಜಾಗದಲ್ಲೇ ಸಾಸಿವೆಯಷ್ಟು, ಆಮೇಲೆ ಅದಕ್ಕಿಂತ ದೊಡ್ಡದು, ಇಳಿಯಿತು, ಒರೆಸಿದೆ, ಮತ್ತೆ ಹನಿ