ಡಬ್ಬಿಗೆ ಹೊಲಿದ ಅಂಗಿ

ಬಿಂದುಶ್ರೀ ಟಿಚ್ ಬಟನ್ ಹೊಲಿಯುತ್ತಿದ್ದಳು. ಫೋಟೋ ಸ್ಟುಡಿಯೋದ ಮಾಲೀಕ ಸೋಮಶೇಖರ್ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕೂತಿದ್ದರು. ಅವರ ಕುರ್ಚಿಯ ಹಿಂದೆ ಕೆಲಸದ ಭೀಮರಾಜ್ ಕೈಕಟ್ಟಿ ನಿಂತಿದ್ದ. ಗೋಡೆಯ ಬೆಂಚಿನ ಮೇಲೆ ಗಿರಾಕಿ ವೆಂಕಟರಂಗಯ್ಯನವರು ಚಪ್ಪಲಿಯೊಳಗಿನ ಹೆಬ್ಬೆರಳು ಕುಣಿಸುತ್ತಿದ್ದರು. ಮೇಜಿನ ಮೇಲೆ, ಕಪ್ಪು ವೈರಿನ ತುದಿಯಲ್ಲಿ, ಅಂಗೈಯಷ್ಟು ಉದ್ದದ ಮೆರೂನ್ ಮಖಮಲ್ಲಿನ ಚೀಲವೊಂದು ಮಲಗಿತ್ತು. ಅದರ ಬಾಯಿಯ ಬಟನ್ ಸಡಿಲವಾಗಿರುವುದನ್ನು ಕಂಡು, ಯಾರೂ ಹೇಳದಿದ್ದರೂ, ಅವಳು ಪರ್ಸಿನಿಂದ ಸೂಜಿ ದಾರ ತೆಗೆದಿದ್ದಳು. ವೈರು ಅಲುಗದ ಹಾಗೆ ನಾಲ್ಕು ಹೊಲಿಗೆ ಹಾಕಿ, ಗಂಟು ಕಟ್ಟಲು ಬೆರಳನ್ನು ಚೀಲದೊಳಕ್ಕೆ ತೂರಿಸಿದಳು. ಬೆರಳು ಚುರ್ ಎಂದಿತು.

ಒಳಗಿದ್ದ ಲೋಹದ ಡಬ್ಬಿ ಒಲೆಯಿಂದ ಆಗತಾನೇ ಇಳಿಸಿದ ಲೋಟದ ಹಾಗೆ ಸುಡುತ್ತಿತ್ತು. ಅವಳು ಕೈ ಹಿಂದಕ್ಕೆಳೆದುಕೊಂಡು ಚೀಲವನ್ನು ಹೊರಗಿನಿಂದ ಮುಟ್ಟಿ ನೋಡಿದಳು. ಮಖಮಲ್ಲು ತಣ್ಣಗಿತ್ತು.

"ಮತ್ತೆ ಹೋಯ್ತು," ಎಂದರು ಸೋಮಶೇಖರ್. "ಕಾಪಿ ಅರ್ಧಕ್ಕೆ ಬಂದಿತ್ತು. ಡ್ರೈವೇ ಕಾಣ್ತಿಲ್ಲ."

ಹೋದ ವಾರ ಹುಲಿಯೂರುದುರ್ಗದ ಮದುವೆ ಮುಗಿಸಿಕೊಂಡು ಬರುವಾಗ, ಕುಣಿಗಲ್ ದಾಟಿದ ಮೇಲೆ ಬೈಕಿನ ಹಿಂದೆ ಕಟ್ಟಿದ್ದ ಬ್ಯಾಗು ಜಾರಿ ಬಿದ್ದು ಲ್ಯಾಪ್‌ಟಾಪು ಒಡೆದುಹೋಗಿತ್ತು. ಮದುವೆಯ ಅಷ್ಟೂ ವಿಡಿಯೋ ಅದರಲ್ಲಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಛತ್ರದಲ್ಲೇ ಖಾಲಿ ಮಾಡಿ, ಮಾರನೆಯ ದಿನದ ಗೃಹಪ್ರವೇಶಕ್ಕೆ ಬಳಸಿಯಾಗಿತ್ತು. ರಿಪೇರಿಯವನು ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಚೂಯಿಂಗ್ ಗಮ್ ಪಟ್ಟಿಯಂಥ ತುಂಡೊಂದನ್ನು ತೆಗೆದುಕೊಟ್ಟ. "ನಿಮ್ ಮದ್ವೆ ಎಲ್ಲ ಇದ್ರಲ್ಲೇ ಐತೆ. ಇದನ್ನ ಹಾಕೋಕೆ ಒಂದು ಎಸ್‌ಎಸ್‌ಡಿ ಕೇಸ್ ತಗೊಳ್ಳಿ. ವೈರು ಚುಚ್ಚಿದ್ರೆ ಪೆನ್‌ಡ್ರೈವ್ ತರ ಓಪನ್ ಆಗುತ್ತೆ."

ಅದನ್ನು ತರಲು ಭೀಮರಾಜ್ ತುಮಕೂರಿಗೆ ಎರಡು ಸಲ ಹೋದ. ಮೊದಲ ಸಲ ತಂದ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಪಟ್ಟಿ ಕೂತಿತು, ಆದರೆ ಕಂಪ್ಯೂಟರಿಗೆ ಏನೂ ಕಾಣಲಿಲ್ಲ. ಎರಡನೆಯ ಸಲ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯವನಿಗೆ ತೋರಿಸಿದ. ಆವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ ಅವನು ಹೇಳಿದ್ದೆಲ್ಲ ಅವಳಿಗೆ ನೆನಪಿತ್ತು.

"ಇದ್ರಲ್ಲೂ ಜಾತಿ ಐತೆ ಕಣಮ್ಮ ಬಿಂದು. ತುದೀಲಿ ಒಂದು ಕಚ್ಚು ಇದ್ರೆ ಒಂದು ಜಾತಿ, ಎರಡು ಇದ್ರೆ ಇನ್ನೊಂದು. ಒಬ್ರ ಮನೆಗೆ ಇನ್ನೊಬ್ರು ಸೇರಲ್ವಂತೆ. ಇದು ನೋಡು, ಮೈಯೆಲ್ಲ ಅಲ್ಯೂಮಿನಿಯಂ, ಮೇಲೆ ಗೀರು ಗೀರು. ಒಳಗಿನ ಕಾವು ಆಚೆಗೆ ಹೋಗ್ಲಿ ಅಂತ ಹಂಗೆ ಮಾಡಿರೋದಂತೆ. ಬಿಸಿ ಆದ್ರೆ ಗಾಬ್ರಿ ಬೀಳ್ಬೇಡಿ ಅಂದ."

ಅವಳು ಆಗ ತಲೆಯಾಡಿಸಿದ್ದಳು. ಸಂಜೆ ನಿಟ್ಟೂರಿನ ಮನೆಗೆ ಹೋಗಿ ಡಬ್ಬಿಗೆ ಈ ಮೆರೂನ್ ಅಂಗಿ ಹೊಲಿದಿದ್ದಳು.

ಅವರ ಮನೆಯಲ್ಲಿ ಅಂಗಿಯಿಲ್ಲದ ಸಾಮಾನೇ ಇರಲಿಲ್ಲ. ತಾಯಿ ಸುಬ್ಬಲಕ್ಷ್ಮಮ್ಮ ರವಿಕೆ ಹೊಲಿದು ಉಳಿದ ತುಂಡುಗಳಲ್ಲಿ ಮಿಕ್ಸಿಗೆ, ಟೀವಿಗೆ, ಟೀವಿಯ ರಿಮೋಟಿಗೆ ಹೊದಿಕೆ ಹೊಲಿದಿದ್ದಳು. ಗ್ಯಾಸ್ ಸಿಲಿಂಡರಿಗೆ ನೆರಿಗೆಯಿಟ್ಟ ಲಂಗ. "ಮೈ ಮುಚ್ಚಿದ್ರೆ ಸಾಮಾನು ಬಾಳಿಕೆ ಬರ್ತದೆ," ಅನ್ನುತ್ತಿದ್ದಳು. ಸ್ಟುಡಿಯೋ ಇದ್ದದ್ದು ಗುಬ್ಬಿಯ ದೊಡ್ಡ ರಸ್ತೆಗೆ ಮುಖ ಮಾಡಿ. ಬಸ್ಸು ಹೋದಾಗಲೆಲ್ಲ ಧೂಳು ಒಳಗೇ ಬರುತ್ತಿತ್ತು. ಬಿದ್ದು ಒಡೆದ ಲ್ಯಾಪ್‌ಟಾಪನ್ನು ನೋಡಿದ್ದ ಬಿಂದುಶ್ರೀ, ಮಖಮಲ್ಲಿಗೂ ಅಸ್ತರಿಗೂ ನಡುವೆ ದಪ್ಪ ಸ್ಪಂಜು ಕೂಡ ಇಟ್ಟಳು. ಇನ್ನೊಮ್ಮೆ ಬಿದ್ದರೂ ಏನೂ ಆಗಬಾರದು.

ಸೋಮಶೇಖರ್ ಅದನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದರು. "ನೋಡ್ರಿ, ನಮ್ ಬಿಂದು ಹೊಲ್ದಿರೋದು. ಕಂಪನಿಯವ್ರೂ ಇಷ್ಟು ನೀಟಾಗಿ ಕೊಡಲ್ಲ." ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಅವಳ ಕೈಯಲ್ಲಿ ಆದದ್ದನ್ನು ಎತ್ತಿ ಹಿಡಿದು ಹೀಗೆ ಯಾರೂ ತೋರಿಸಿರಲಿಲ್ಲ. ಆವತ್ತೆಲ್ಲ ಅವಳು ತಲೆ ತಗ್ಗಿಸಿಕೊಂಡೇ ಆಲ್ಬಮ್ಮಿನ ಹಾಳೆ ಜೋಡಿಸಿದ್ದಳು.

ಫೋಟೋಗಳು ಸಲೀಸಾಗಿ ಕಂಪ್ಯೂಟರಿಗೆ ಇಳಿದಿದ್ದವು. ದೊಡ್ಡ ವಿಡಿಯೋ ಹಾಕಿದಾಗಲೆಲ್ಲ ಡಬ್ಬಿ ಅರ್ಧ ದಾರಿಯಲ್ಲಿ ಕೈಕೊಡುತ್ತಿತ್ತು. ಯಾಕೆಂದು ಈಗ ಅವಳಿಗೆ ತಿಳಿಯಿತು. ಬೆರಳ ತುದಿಯಲ್ಲಿ ಇನ್ನೂ ಉರಿಯಿತ್ತು.

"ಹಿಂಗೇ ಕಟ್ಟಾಗ್ತಿದ್ರೆ ಒಳಗಿರೋದೂ ಅಳಿಸಿಹೋಗ್ಬೋದು ಅಂದವ್ನೆ ರಿಪೇರಿಯವ್ನು," ಸೋಮಶೇಖರ್ ಕುರ್ಚಿ ತಿರುಗಿಸಿದರು. "ಭೀಮ, ನಿಜ ಹೇಳು. ಎಲ್ಲಾದ್ರೂ ಬೀಳಿಸ್ದಾ?"

"ಇಲ್ಲಣ್ಣ."

"ಹಂಗಾದ್ರೆ ಡೂಪ್ಲಿಕೇಟ್ ಮಾಲು ತಂದಿದೀಯ."

"ಬಿಲ್ಲು ತಂದಿದೀನಲ್ಲಣ್ಣ. ನೀವೇ ನೋಡಿದ್ರಿ."

"ಸ್ವಾಮಿ," ವೆಂಕಟರಂಗಯ್ಯನವರು ಬೆಂಚಿನಿಂದಲೇ ಬಾಯಿ ಹಾಕಿದರು. ಅವರು ಮದುವೆ ಹೆಣ್ಣು ಇಂಪನಾಳ ಸೋದರಮಾವ. "ಡಬ್ಬಿ ನ್ಯಾಯ ಆಮೇಲೆ ಮಾಡ್ಕಳ್ಳಿ. ನಾಳೆ ಬೀಗರೂಟ. ನಮ್ ಭಾವ ಜಂಬ ಕೊಚ್ಕೊಂಡು ಎಲ್‌ಇಡಿ ಸ್ಕ್ರೀನ್ ಬೇರೆ ಹೇಳವ್ನೆ. ಅದ್ರಲ್ಲಿ ಏನ್ ತೋರ್ಸನ? ಮಟನ್ ಬೇಯೋದಾ?"

ಅವರು ಬೆಂಚಿನಿಂದ ಎದ್ದರು.

"ಹೆಣ್ಣು ತಾಳಿ ಕಟ್ಟಿಸ್ಕಳೋ ಸೀನೇ ಇಲ್ಲ ಅಂದ್ರೆ, ಇನ್ನೊಂದ್ಸಲ ಕಟ್ಸಕ್ಕಾಗುತ್ತಾ?" ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಸರ್," ಎಂದಳು ಬಿಂದುಶ್ರೀ.

ಮೂವರೂ ತಿರುಗಿ ನೋಡಿದರು.

"ಟೀ ತರ್ಲಾ ಸರ್?"

"ಟೀಗೇನ್ ಬಂತೀಗ!" ಸೋಮಶೇಖರ್ ಮತ್ತೆ ಭೀಮರಾಜನ ಕಡೆಗೆ ತಿರುಗಿದರು. "ನಿನ್ನ ಕೈಗೆ ಏನು ಕೊಟ್ರೂ ಹಿಂಗೇ. ಮೊದಲ್ನೇ ಸಲ ತಪ್ಪು ಡಬ್ಬಿ ತಂದೆ. ಎರಡ್ನೇ ಸಲ ಕೆಟ್ಟ ಡಬ್ಬಿ ತಂದೆ. ಬ್ಯಾಗು ಬೈಕಿಗೆ ಕಟ್ಟಿದ್ದೂ ನೀನೇ."

"ಗಾಡಿ ಹಂಪ್ ಹಾರಿಸಿದ್ದು ನಾನಲ್ವಲ್ಲಣ್ಣ."

ಅದು ಆಡಬಾರದ ಮಾತಾಗಿತ್ತು. ಗಾಡಿ ಓಡಿಸುತ್ತಿದ್ದವರು ಸೋಮಶೇಖರ್. ಗಿರಾಕಿಯ ಎದುರಿಗೆ ಅವರ ಮುಖ ಕೆಂಪಾಯಿತು.

"ಆಯ್ತು ಬುಡು. ನಾಳೆಯಿಂದ ಬರ್ಬೇಡ."

ಭೀಮರಾಜ್ ಜೇಬಿನಿಂದ ಬೀರುವಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಬಿಂದು, ಗೃಹಪ್ರವೇಶದ ಆಲ್ಬಮ್ಮು ಅರ್ಧ ಆಗೈತೆ, ಫೈಲು ಮುಂದೇನೇ ಐತೆ, ನೋಡ್ಕೊಳಮ್ಮ," ಎಂದ. ಅವನ ಬೈಕು ಸದ್ದು ಮಾಡಿಕೊಂಡು ಹೊರಟುಹೋಯಿತು. ಅವನ ಹೆಲ್ಮೆಟ್ಟು ಮೇಜಿನ ಮೇಲಿದ್ದ ಫೋಟೋ ಫ್ರೇಮುಗಳ ಪಕ್ಕದಲ್ಲೇ ಉಳಿಯಿತು.

ಅವಳಿಗೆ ಕೆಲಸ ಕಲಿಸಿದವನು ಅವನು. ಮೌಸಿನ ಮೇಲೆ ಅವಳ ಕೈಯಿದ್ದಾಗ ಒಂದು ದಿನವೂ ಹತ್ತಿರ ಬಂದವನಲ್ಲ. ಒಂದು ಮಾರು ದೂರ ನಿಂತು, "ಎಡಕ್ಕೆ, ಇನ್ನೊಂಚೂರು, ಹಾಂ," ಅನ್ನುತ್ತಿದ್ದ. ಅಮ್ಮ ಒಮ್ಮೆ ಹೇಳದೆ ಬಂದು ಬಾಗಿಲಲ್ಲಿ ನಿಂತು ನೋಡಿಕೊಂಡು ಹೋಗಿದ್ದಳು. ಆಮೇಲೆ ಕೆಲಸ ಬಿಡಿಸುವ ಮಾತೆತ್ತಿರಲಿಲ್ಲ.

"ವೈರೇ ಕೆಟ್ಟಿರ್ಬೇಕು. ಬೇರೆ ತಂದು ನೋಡನ," ಎಂದು ಸೋಮಶೇಖರ್ ಎದ್ದರು. "ಬನ್ನಿ ಯಜಮಾನ್ರೆ, ಒಂದು ಕಾಫಿ ಕುಡ್ಕೊಂಡು ಬರನ. ಬಿಂದು, ಯಾರೂ ಮುಟ್ಟದಂಗೆ ನೋಡ್ಕೊ."

ಅವರು ರಸ್ತೆ ದಾಟುವವರೆಗೂ ಕಾದು, ಬಿಂದುಶ್ರೀ ತಾನೇ ಹೊಲಿದ ಬಟನ್ ಬಿಚ್ಚಿದಳು. ಡಬ್ಬಿಯ ಕಾವಿಗೆ ಬೆರಳು ನಿಲ್ಲಲಿಲ್ಲ. ವೈರು ಕಿತ್ತು, ಬಿಸಿ ಪಾತ್ರೆ ಇಳಿಸುವವಳಂತೆ ವೇಲಿನಲ್ಲಿ ಹಿಡಿದು ಹೊರಗೆಳೆದು, ಬುತ್ತಿಯ ಸ್ಟೀಲ್ ಮುಚ್ಚಳದ ಮೇಲೆ ಫ್ಯಾನಿನ ಕೆಳಗಿಟ್ಟಳು. ಅಂಗಿ ಬರಿದಾಗಿ ಮುದುಡಿಕೊಂಡಿತು. ಅದನ್ನು ಬುತ್ತಿಯ ಚೀಲದ ತಳಕ್ಕೆ ತುರುಕಿದಳು. ಜ್ವರ ಬಂದ ಮಗುವಿನ ಹಣೆ ನೋಡುವವಳಂತೆ ಅಂಗೈಯ ಹಿಂಬದಿಯಿಂದ ಆಗಾಗ ಡಬ್ಬಿಯನ್ನು ಮುಟ್ಟಿದಳು. ಕಾವು ಇಳಿದ ಮೇಲೆ ಮತ್ತೆ ವೈರು ಚುಚ್ಚಿದಳು. ಪರದೆಯ ಮೂಲೆಯಲ್ಲಿ ಡ್ರೈವು ಕಂಡಿತು. 'ಇಂಪನಾ ಮುಹೂರ್ತ' ಎಂದಿದ್ದುದನ್ನು ಭೀಮರಾಜ್ ಹೇಳಿಕೊಟ್ಟ ಹಾಗೆಯೇ ಎಳೆದು ಬಿಟ್ಟಳು.

ಹಸಿರು ಪಟ್ಟಿ ಮೆಲ್ಲಗೆ ಬೆಳೆಯತೊಡಗಿತು. ಅವಳು ಬಾಗಿಲನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿದಳು. ಡಬ್ಬಿ ಮತ್ತೆ ಬಿಸಿಯಾಯಿತು. ಆದರೆ ಮುಚ್ಚಳವೂ ಬೆಚ್ಚಗಾಯಿತು. ಕಾವು ಹೊರಕ್ಕೆ ಹರಿಯುತ್ತಿತ್ತು. ಪಟ್ಟಿ ಅರ್ಧಕ್ಕೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅದು ದಾಟಿ ಹೋಗುತ್ತಿತ್ತು.

ಸೋಮಶೇಖರ್ ಹೊಸ ವೈರು ಹಿಡಿದುಕೊಂಡು ಒಳಬಂದವರು ಪರದೆ ನೋಡಿ ನಿಂತಲ್ಲೇ ನಿಂತರು. "ಏಯ್, ಆಗ್ತಾ ಐತಲ್ಲ! ಏನ್ಮಾಡ್ದೆ?"

"ಏನಿಲ್ಲ ಸರ್. ಸುಮ್ನೆ ಹಾಕ್ದೆ."

"ಅಂಗಿ ಎಲ್ಲಿ?"

ಬುತ್ತಿಯ ಚೀಲ ಅವಳ ಕಾಲ ಬಳಿಯೇ ಇತ್ತು. ಪಾದದಿಂದ ಅದನ್ನು ಕುರ್ಚಿಯ ಕೆಳಕ್ಕೆ ಒತ್ತಿದಳು. "ಕೊಳೆ ಆಗಿತ್ತು ಸರ್. ಒಗ್ಯನ ಅಂತ."

"ಹೂಂ. ಒಗ್ದು ಬೇಗ ತಗೊಂಬಾ." ಅವರು ವೆಂಕಟರಂಗಯ್ಯನವರ ಭುಜ ತಟ್ಟಿದರು. "ನೋಡಿದ್ರಾ ಯಜಮಾನ್ರೆ? ಅವ್ನು ಆಚೆಗೆ ಹೋಗಿದ್ದೇ ತಡ, ಸರಿಹೋಯ್ತು."

"ಕೈಗುಣ ಸ್ವಾಮಿ, ಕೈಗುಣ," ವೆಂಕಟರಂಗಯ್ಯನವರು ತಲೆಯಾಡಿಸಿದರು. "ನಮ್ಮಲ್ಲೂ ಒಬ್ಬ ಇದ್ದ, ಅವ್ನು ಮುಟ್ಟಿದ್ ಹಸ ಒದೀತಿತ್ತು. ಈ ಹೆಣ್ಮಗಿನ ಕೈ ನೋಡಿ, ಮಹಾಲಕ್ಷ್ಮಿ ಕೈ."

ಅವಳು ಆ ಕೈಯನ್ನು ವೇಲಿನೊಳಗೆ ಸುತ್ತಿಕೊಂಡಳು.

ಪಟ್ಟಿ ತುಂಬಿತು. ಸೋಮಶೇಖರ್ ವಿಡಿಯೋ ತೆರೆದು, ದನಿ ಪೂರ್ತಿ ಏರಿಸಿದರು. ಮಂಟಪ, ಹೂವು, ತಲೆ ತಗ್ಗಿಸಿದ ಇಂಪನಾ. ನಾದಸ್ವರದ ಸದ್ದು ಸಣ್ಣ ಕೋಣೆಯ ಗೋಡೆಗಳಿಗೆ ಬಡಿಯಿತು. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಅಗೋ ಅಗೋ, ಅಕ್ಷತೆ ಹಿಡ್ಕೊಂಡಿರೋನು ನಾನೇ! ನಾಳೆ ಇದನ್ನ ದೊಡ್ಡದಾಗಿ ಬರೋ ಹಂಗೆ ಮಾಡ್ಕೊಡಿ ಸ್ವಾಮಿ."

"ಮಾಡ್ಕೊಡನ, ಮಾಡ್ಕೊಡನ."

ಫ್ಯಾನಿನ ಗಾಳಿಗೆ ಹೆಲ್ಮೆಟ್ಟಿನ ಪಟ್ಟಿ ಅಲ್ಲಾಡುತ್ತಿತ್ತು. ಅದರ ಪಕ್ಕದಲ್ಲಿ ಬೀಗದ ಕೈ, ಇಟ್ಟಲ್ಲೇ ಇತ್ತು. ಬಿಂದುಶ್ರೀ ಎದ್ದು ನಿಂತಳು.

"ಸರ್, ಭೀಮಣ್ಣಂಗೆ ಫೋನ್ ಮಾಡಿ," ಎಂದಳು.

ಗಟ್ಟಿಮೇಳ ಶುರುವಾಗಿತ್ತು. ಅವಳು ಮೇಜಿನ ಅಂಚು ಹಿಡಿದುಕೊಂಡು ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ ಹೇಳಿದಳು.

"ಸರ್. ಭೀಮಣ್ಣಂಗೆ ಒಂದು ಫೋನ್ ಮಾಡಿ. ತಪ್ಪು ಅವ್ರದಲ್ಲ."

ಪರದೆಯ ಮೇಲೆ ಎಲ್ಲರೂ ಕೈಯೆತ್ತಿ ಅಕ್ಷತೆ ಎಸೆಯುತ್ತಿದ್ದರು.